ಏನಕ್ಕೆ ಯಾವ ಅಂಟು? ಫೆವಿಕಾಲ್‌ನಿಂದ ಅರಾಲ್ಡೈಟ್‌ವರೆಗೆ

ಹೋದ ವರ್ಷ ನವರಾತ್ರಿಗೆ ನಾಲ್ಕು ದಿನ ಇರುವಾಗ ಅಟ್ಟದಿಂದ ಗೊಂಬೆ ಟ್ರಂಕ್ ಇಳಿಸಿದೆವು. ಸುತ್ತಿಟ್ಟಿದ್ದ ಹಳೇ ಪಂಚೆ ಬಿಚ್ಚಿದರೆ ಶೆಟ್ಟಿಯ ಬಲಗೈ ಮೊಣಕೈ ಹತ್ತಿರ ಮುರಿದು ಬಿದ್ದಿತ್ತು. ಮಣ್ಣಿನ ಗೊಂಬೆ, ಅಜ್ಜಿ ಕಾಲದ್ದು. ಪಕ್ಕದಲ್ಲಿ ಶೆಟ್ಟಮ್ಮ ತನಗೇನೂ ಗೊತ್ತಿಲ್ಲ ಅನ್ನೋ ಹಾಗೆ ಮಲಗಿದ್ದಳು. ಅಂಟಿಸೋದೇನು ಮಹಾ ಕೆಲಸ ಅಂತ, ಡ್ರಾಯರಿನಲ್ಲಿದ್ದ ಕ್ಷಣಕ್ಕೆ ಹಿಡಿಯುವ ಪುಟ್ಟ ಟ್ಯೂಬ್ ತೆಗೆದು ಎರಡು ಹನಿ ಹಾಕಿದೆ. ಎರಡನ್ನೂ ಮಣ್ಣು ಕುಡಿದುಬಿಟ್ಟಿತು. ಇನ್ನೆರಡು ಹಾಕಿ ಒತ್ತಿದೆ. ಈ ಸಲ ಹಿಡಿಯಿತು, ಆದರೆ ಕೈ ಸ್ವಲ್ಪ ಓರೆ. ನೇರ ಮಾಡೋಣ ಅಂತ ತಿರುಗಿಸಿದರೆ ಕದಲಲಿಲ್ಲ. ಜೋರು ಮಾಡಿದೆ. ಅಂಟು ಬಿಡಲಿಲ್ಲ, ಪಕ್ಕದ ಮಣ್ಣೇ ಎದ್ದು ಬಂತು. ಆ ನವರಾತ್ರಿ ಪೂರ್ತಿ ಶೆಟ್ಟಿ ಭುಜದ ಮೇಲೊಂದು ಶಾಲು ಹೊದ್ದುಕೊಂಡು ಅಂಗಡಿ ನಡೆಸಿದ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಗಟ್ಟಿಯಾಗಿ ಹಿಡಿಯೋ ಅಂಟು ಕೊಡಿ" ಅಂದರೆ, ತಿಳಿದವರಾದರೆ ಶೆಲ್ಫಿಗೆ ಕೈ ಹಾಕುವ ಮೊದಲು "ಏನಕ್ಕೆ?" ಅಂತ ಕೇಳುತ್ತಾರೆ. ಅದೇ ಸರಿಯಾದ ಪ್ರಶ್ನೆ. ಅಂಗಡಿಯಲ್ಲಿರುವ ಅಂಟುಗಳೆಲ್ಲ ಅವುಗಳ ಜಾಗದಲ್ಲಿ ಗಟ್ಟಿಯೇ. ಜಾಗ ತಪ್ಪಿದರೆ ಎಲ್ಲವೂ ದಂಡ. ಮೈ ನೀರು ಹೀರುತ್ತಾ, ಇಲ್ವಾ? ಎರಡು ತುಂಡು ಸರಿಯಾಗಿ ಕೂರುತ್ತವಾ, ನಡುವೆ ಸಂದು ಉಳಿಯುತ್ತಾ? ಅಂಟಿದ ಮೇಲೆ ಅದು ಬಾಗಬೇಕಾ, ಬಿಸಿ ತಾಗುತ್ತಾ, ನೆನೆಯುತ್ತಾ? ಇಷ್ಟು ಗೊತ್ತಾದರೆ ಅಂಟು ತಾನಾಗೇ ಗೊತ್ತಾಗುತ್ತದೆ.

ಮೊದಲು ಒಂದು ಹನಿ ನೀರು

ಅಂಟು ಹಿಡಿಯಬೇಕಾದರೆ ಮೊದಲು ಅದು ಮೈಮೇಲೆ ಹರಡಬೇಕು. ಕೆಸುವಿನ ಎಲೆ ಮೇಲೆ ನೀರು ಮುತ್ತಾಗಿ ಉರುಳುತ್ತದಲ್ಲ, ಅಂಥ ಮೈಮೇಲೆ ಅಂಟೂ ಅಷ್ಟೇ, ಅಂಟಿಯೂ ಅಂಟದ ಹಾಗೆ. ಅಂಟಿಸುವ ಜಾಗಕ್ಕೆ ಒಂದು ಹನಿ ನೀರು ಬಿಟ್ಟು ನೋಡಿ. ಹೀರಿಕೊಂಡರೆ ಮರ, ಮಣ್ಣು, ಕಾಗದದ ಜಾತಿ. ತೆಳ್ಳಗೆ ಹರಡಿ ನಿಂತರೆ ಶುದ್ಧವಾದ ಗಾಜು, ಲೋಹದ ಜಾತಿ. ಗುಂಡಾಗಿ ಕೂತರೆ ಒಂದೋ ಎಣ್ಣೆ ಜಿಡ್ಡಿದೆ, ಇಲ್ಲಾ ಆ ಪ್ಲಾಸ್ಟಿಕ್ಕೇ ಅಂಥದ್ದು.

ಜಿಡ್ಡಾದರೆ ಪಾತ್ರೆ ಸೋಪಿನಲ್ಲಿ ತೊಳೆದು, ಒಣಗಿಸಿ, ಸ್ಯಾಂಡ್ ಪೇಪರಿನಿಂದ ಸ್ವಲ್ಪ ಒರಟು ಮಾಡಿದರೆ ಆಯಿತು. ಅಡುಗೆಮನೆಯ ವಸ್ತುಗಳಲ್ಲಿ ಅರ್ಧಕ್ಕರ್ಧ ಸೋಲು ಈ ಜಿಡ್ಡಿನಿಂದಲೇ. ಹೆಸರು ಮಾತ್ರ ಅಂಟಿಗೆ ಕೆಡುತ್ತದೆ.

ಪ್ಲಾಸ್ಟಿಕ್ಕಾದರೆ ವಸ್ತುವನ್ನು ಬೋರಲು ಹಾಕಿ ತಳ ನೋಡಿ. ಬಾಣದ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಮತ್ತು 4 ಅಂದರೆ ಪಾಲಿಥೀನ್, 5 ಅಂದರೆ ಪಾಲಿಪ್ರೊಪಿಲೀನ್. ಬಕೆಟ್ಟು, ಮಗ್ಗು, ಡಬ್ಬದ ಮುಚ್ಚಳ, ಮಹಡಿ ಮೇಲಿನ ಕಪ್ಪು ನೀರಿನ ಟ್ಯಾಂಕು ಹೆಚ್ಚಾಗಿ ಇದೇ ಜಾತಿ. ಮಾಮೂಲಿ ಅಂಟು ಯಾವುದೂ ಇವಕ್ಕೆ ನಿಲ್ಲುವುದಿಲ್ಲ. ಕಾದ ಸಲಾಕೆಯಿಂದ ಅದೇ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯಬೇಕು. ಇಲ್ಲಾ, ಬಿರುಕು ಬಿಟ್ಟ ಬಕೆಟ್ಟಿಗೆ ಮಣ್ಣು ತುಂಬಿ ದಾಸವಾಳ ನೆಡಬೇಕು. ನಮ್ಮ ಮನೆಯಲ್ಲಿ ಎರಡನೇದೇ ಜಾಸ್ತಿ.

ಮರಕ್ಕೆ ಬಿಳಿ ಅಂಟು, ಅದೇ ಸಾಕು

ಬಿಳಿ ಅಂಟು ಅಂದರೆ ನಮ್ಮ ಬಾಯಲ್ಲಿ ಫೆವಿಕಾಲ್. 1959ರಲ್ಲಿ ಬಂದದ್ದು. ಮೊವಿಕಾಲ್ ಅನ್ನೋ ಜರ್ಮನ್ ಅಂಟಿನ ಹೆಸರಿನ ಛಾಯೆ ಅದರಲ್ಲಿದೆ. ಅದಕ್ಕೂ ಮೊದಲು ಬಡಗಿಗಳು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಸರೇಸನ್ನು ಕಾಯಿಸಿ ಬಿಸಿಬಿಸಿಯಾಗಿ ಹಚ್ಚುತ್ತಿದ್ದರು. ಕಾಯಿಸುವ ರಗಳೆ, ವಾಸನೆ ಎರಡನ್ನೂ ಬಿಳಿ ಅಂಟು ತಪ್ಪಿಸಿತು.

ಇದರ ಒಳಗಿನ ಕೆಲಸ ಸರಳ. ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಮರ ನೀರನ್ನು ಎಳೆದುಕೊಂಡ ಹಾಗೆ ಕಣಗಳು ಒಂದಕ್ಕೊಂದು ಸೇರಿ ಪದರವಾಗುತ್ತವೆ, ಬಿಳಿ ಬಣ್ಣ ಹೋಗಿ ಪಾರದರ್ಶಕವಾಗುತ್ತದೆ. ಹಾಗಾಗಿ ಎರಡರಲ್ಲಿ ಒಂದು ಮೈಯಾದರೂ ನೀರು ಹೀರಲೇಬೇಕು. ಗಾಜಿಗೆ ಗಾಜು, ಸ್ಟೀಲಿಗೆ ಸ್ಟೀಲು ಇದರಲ್ಲಿ ಅಂಟಿಸಿದರೆ ವಾರ ಬಿಟ್ಟು ನೋಡಿದರೂ ನಡುವೆ ಬಿಳಿ ಪೇಸ್ಟು ಹಾಗೇ ಇರುತ್ತದೆ.

ಕುರ್ಚಿ ಕಾಲು ಸಡಿಲವಾಗಿದೆ ಅಂದುಕೊಳ್ಳಿ. ಸಂದಿಗೆ ಸುಮ್ನೆ ಅಂಟು ಸುರಿಯುವುದು ಎಲ್ಲರೂ ಮಾಡುವ ತಪ್ಪು. ಒಳಗಿರುವ ಹಳೇ ಅಂಟಿನ ಪದರದ ಮೇಲೆ ಹೊಸ ಅಂಟು ನಿಲ್ಲುವುದಿಲ್ಲ. ಕಾಲು ಪೂರ್ತಿ ಬಿಚ್ಚಿ, ಮರದ ಮೈ ಕಾಣುವ ತನಕ ಕೆರೆಯಿರಿ. ಎರಡೂ ಕಡೆ ತೆಳ್ಳಗೆ ಸವರಿ, ಸೇರಿಸಿ, ಹಗ್ಗ ಸುತ್ತಿ, ಹಗ್ಗದೊಳಗೆ ಒಂದು ಕಡ್ಡಿ ತೂರಿಸಿ ತಿರುಚಿ ಬಿಗಿ ಮಾಡಿ. ಕ್ಲ್ಯಾಂಪ್ ಇಲ್ಲದ ಮನೆಯಲ್ಲಿ ಇದೇ ಕ್ಲ್ಯಾಂಪ್. ಸಂದಿಯಿಂದ ಸಣ್ಣ ಸಣ್ಣ ಮಣಿ ಹಾಗೆ ಅಂಟು ಹೊರಗೆ ಬಂದರೆ ಅಳತೆ ಸರಿ ಇದೆ ಅಂತ ಅರ್ಥ. ಅದನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ. ಒಣಗಿದ ಮೇಲೆ ಅಲ್ಲಿ ಪಾಲಿಶ್ ಹಿಡಿಯುವುದಿಲ್ಲ. 24 ಗಂಟೆ ಯಾರೂ ಕೂರಬೇಡಿ, ಮಳೆಗಾಲವಾದರೆ ಇನ್ನೊಂದು ದಿನ ಬಿಡಿ. ಆಮೇಲೆ ಎಳೆದರೆ ಮರ ಸೀಳಬಹುದು, ಅಂಟು ಬಿಡುವುದಿಲ್ಲ.

ಇದರ ಸೋಲು ಎರಡು ಕಡೆ. ನೀರು ತಾಗುತ್ತಿದ್ದರೆ ಮೆತ್ತಗಾಗುತ್ತದೆ. ಸಿಂಕಿನ ಕೆಳಗಿನ ಕಪಾಟು, ಬಚ್ಚಲಿನ ಬಾಗಿಲು ಅಂಥ ಕಡೆ ಮೆರೈನ್ ಅಂತ ಬರೆದಿರುವ, ನೀರು ತಡೆಯುವ ಡಬ್ಬವನ್ನೇ ಕೇಳಿ. ಎರಡನೆಯದು, ಸದಾ ಭಾರ ಹೊರುವ ಕಡೆ ಇದು ವರ್ಷಗಟ್ಟಲೆಯಲ್ಲಿ ಕೂದಲೆಳೆಯಷ್ಟೇ ಜಾರುತ್ತಾ ಹೋಗುತ್ತದೆ. ಪುಸ್ತಕದ ಶೆಲ್ಫಿಗೆ ಅಂಟಿನ ಜೊತೆ ಸ್ಕ್ರೂನೂ ಇರಲಿ.

ಶೆಟ್ಟಿಯ ಕೈ ಕೊನೆಗೆ ಕೂತಿದ್ದೂ ಈ ಅಂಟಿನಲ್ಲೇ. ದಸರಾ ಮುಗಿದ ಮೇಲೆ ಎದ್ದುಹೋದ ಮಣ್ಣಿನ ಪುಡಿಯನ್ನೇ ಬಿಳಿ ಅಂಟಿನಲ್ಲಿ ಕಲಸಿ ಹಳ್ಳ ತುಂಬಿದೆ. ಒಂದು ದಿನ ಬಿಟ್ಟು ಉಜ್ಜಿ, ಕೈ ಇಟ್ಟು, ಅಕ್ಕಿ ತುಂಬಿದ ಬಟ್ಟಲಿನಲ್ಲಿ ಗೊಂಬೆಯನ್ನು ಒರಗಿಸಿದೆ. ಯಾವ ಕೋನಕ್ಕೆ ಬೇಕೋ ಆ ಕೋನಕ್ಕೆ ಅಕ್ಕಿ ಹಿಡಿದುಕೊಳ್ಳುತ್ತದೆ. ಓರೆಯಾದರೆ ನೇರ ಮಾಡಲು ಹತ್ತು ನಿಮಿಷ ಸಿಗುತ್ತದೆ. ಕ್ಷಣಕ್ಕೆ ಹಿಡಿಯುವ ಅಂಟು ಕೊಡದೇ ಇದ್ದದ್ದು ಆ ಹತ್ತು ನಿಮಿಷವನ್ನೇ.

ಫೆವಿಕ್ವಿಕ್ಕೋ, ಅರಾಲ್ಡೈಟೋ?

ಮನೆಯಲ್ಲಿ ಎದುರಾಗುವ ನಿಜವಾದ ಆಯ್ಕೆ ಇದು. ಎರಡೂ ಗಟ್ಟಿ, ಎರಡೂ ಲೋಹ, ಗಾಜು, ಪಿಂಗಾಣಿ ಹಿಡಿಯುತ್ತವೆ. ಸ್ವಭಾವ ಮಾತ್ರ ಅಜಗಜಾಂತರ.

ಫೆವಿಕ್ವಿಕ್ಕಿನ ಜಾತಿಯ ಅಂಟುಗಳಿಗೆ ಸಯನೊಅಕ್ರಿಲೇಟ್ ಅಂತ ಹೆಸರು. 1942ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿ ನೋಡುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಅಂತ ಬೇಸತ್ತು ಬದಿಗಿಟ್ಟರು. 1951ರಲ್ಲಿ ಮತ್ತೆ ಅದೇ ವಸ್ತು ಎದುರಾದಾಗ, ಮುಟ್ಟಿದ್ದಕ್ಕೆಲ್ಲ ಅಂಟುವುದೇ ಇದರ ಗುಣ ಅಂತ ಹೊಳೆಯಿತು. 1958ರಲ್ಲಿ ಮಾರಾಟಕ್ಕೆ ಬಂತು.

ಇದು ಒಣಗುವುದಿಲ್ಲ, ತೇವ ಸಿಕ್ಕರೆ ಗಟ್ಟಿಯಾಗುತ್ತದೆ. ಮೈಮೇಲೆ ಕಣ್ಣಿಗೆ ಕಾಣದಷ್ಟು ತೇವ ಇರುತ್ತದಲ್ಲ, ಅಷ್ಟು ಸಾಕು. ನಮ್ಮ ಬೆರಳು ಅಷ್ಟು ಚೆನ್ನಾಗಿ ಅಂಟುವುದೂ ಅದಕ್ಕೇ. ಪದರ ತೆಳ್ಳಗಿದ್ದಷ್ಟೂ ಒಳ್ಳೆಯದು. ಒಂದು ಹನಿಯ ಕೆಲಸಕ್ಕೆ ನಾಲ್ಕು ಹನಿ ಹಾಕಿದರೆ ಹಿಡಿಯುವುದೂ ತಡ, ಹಿಡಿತವೂ ಕಮ್ಮಿ. ಎರಡು ತುಂಡು ಕೂದಲೆಳೆ ಸಂದಿಲ್ಲದೆ ಕೂರುವಂತಿದ್ದರೆ, ವಸ್ತು ಸಣ್ಣದಾಗಿದ್ದರೆ, ಬೀಳದಂಥದ್ದಾಗಿದ್ದರೆ ಇದನ್ನೇ ಬಳಸಿ. ಮಕ್ಕಳ ಆಟಿಕೆ ಚಕ್ರ, ಪಿಂಗಾಣಿ ಬೊಂಬೆಯ ಕಿವಿ, ಎದ್ದುಬಂದ ಸ್ವಿಚ್ಚಿನ ಗುಂಡಿ.

ಆದರೆ ಇದು ಕಡ್ಡಿಯ ಹಾಗೆ ಪೆಡಸು. ನೇರ ಎಳೆದರೆ ಜಗ್ಗುವುದಿಲ್ಲ, ಟಕ್ಕಂತ ಪೆಟ್ಟು ಬಿದ್ದರೆ ಬಿಡುತ್ತದೆ. ಕುದಿಯುವ ನೀರಿನ ಹತ್ತಿರದ ಬಿಸಿಗೆ ಸೋಲುತ್ತದೆ. ಕಾಫಿ ಲೋಟದ ಹಿಡಿಗೆ ಹಾಕಿದರೆ ಒಂದು ದಿನ ಲೋಟ ಕೆಳಗೆ, ಹಿಡಿ ಕೈಯಲ್ಲಿ. ಕನ್ನಡಕಕ್ಕಂತೂ ಬೇಡವೇ ಬೇಡ. ಗಟ್ಟಿಯಾಗುವಾಗ ಏಳುವ ಆವಿ ಸುತ್ತಲೂ ಬಿಳಿ ಮಂಜಿನ ಹಾಗೆ ಕೂರುತ್ತದೆ, ಲೆನ್ಸ್ ಕೆಡುತ್ತದೆ.

ಅರಾಲ್ಡೈಟ್ ಎಪಾಕ್ಸಿ ಜಾತಿ. ಎರಡು ಟ್ಯೂಬು, ರೆಸಿನ್ ಮತ್ತು ಹಾರ್ಡನರ್. ಬೆರೆಸಿದಾಗ ಒಂದರ ಜೊತೆ ಒಂದು ರಾಸಾಯನಿಕವಾಗಿ ಕೂಡಿಕೊಂಡು ಬಲೆಯಾಗುತ್ತವೆ. ನೀರು ಆರಬೇಕಿಲ್ಲ, ಗಾಳಿ ಬೇಕಿಲ್ಲ. ಹಾಗಾಗಿ ಸಂದು ಇದ್ದರೂ ತುಂಬಿಕೊಂಡು ಗಟ್ಟಿಯಾಗುತ್ತದೆ, ಕುಗ್ಗುವುದಿಲ್ಲ. ಪೆಟ್ಟು, ನೀರು, ಸ್ವಲ್ಪ ಬಿಸಿ ತಡೆಯುತ್ತದೆ. ಕಲ್ಲು, ಲೋಹ, ಗಾಜು, ಮರ, ಗಟ್ಟಿ ಪ್ಲಾಸ್ಟಿಕ್ಕು ಯಾವುದಕ್ಕೆ ಯಾವುದನ್ನು ಬೇಕಾದರೂ ಕೂಡಿಸಬಹುದು.

ಬೆರೆಸುವುದರಲ್ಲೇ ಇದರ ಗುಟ್ಟು. ನಾನು ಹಳೇ ಲಗ್ನಪತ್ರಿಕೆ ಬಳಸುತ್ತೇನೆ, ನಯವಾದ ದಪ್ಪ ಕಾರ್ಡು. ಅದರ ಮೇಲೆ ಎರಡು ಗೆರೆ, ಒಂದೇ ಉದ್ದ, ಒಂದೇ ದಪ್ಪ. ಬೆಂಕಿಕಡ್ಡಿಯಲ್ಲಿ ಗಡಿಯಾರ ನೋಡಿಕೊಂಡು ಎರಡು ನಿಮಿಷ ಕಲಸಿ. ಗೆರೆ ಗೆರೆ ಕಾಣುತ್ತಿದ್ದರೆ ಇನ್ನೂ ಆಗಿಲ್ಲ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವವರಿದ್ದಾರೆ. ಆಗುವುದು ಉಲ್ಟಾ. ಇದು ಜೋಡಿ ಲೆಕ್ಕ. ಜೋಡಿ ಸಿಗದೆ ಉಳಿದದ್ದು ಒಳಗೇ ಮೆತ್ತಗೆ ಉಳಿದು ಅಂಟು ಯಾವತ್ತೂ ಜಿಗುಟಾಗಿರುತ್ತದೆ. ಕೆಲಸ ಮುಗಿದ ಮೇಲೆ ಆ ಕಾರ್ಡನ್ನು ಎಸೆಯಬೇಡಿ. ವಸ್ತುವಿನ ಮೇಲಿನ ಅಂಟು ಗಟ್ಟಿಯಾಯಿತಾ ಅಂತ ಮುಟ್ಟಿ ಮುಟ್ಟಿ ನೋಡುವ ಬದಲು ಕಾರ್ಡಿನ ಮೇಲಿನದನ್ನು ಉಗುರಿನಿಂದ ಒತ್ತಿ ನೋಡಬಹುದು.

ಐದು ನಿಮಿಷದ್ದು, ಮಾಮೂಲಿದು ಅಂತ ಎರಡು ಥರ ಸಿಗುತ್ತವೆ. ಕೈಯಲ್ಲಿ ಹಿಡಿದುಕೊಂಡೇ ಅಂಟಿಸಬೇಕಾದ ಕೆಲಸಕ್ಕೆ ಐದು ನಿಮಿಷದ್ದು ಅನುಕೂಲ. ಕಟ್ಟಿ ಇಡಲು ಆಗುವಂತಿದ್ದರೆ ನಿಧಾನದ್ದೇ ತೆಗೆದುಕೊಳ್ಳಿ, ಅದರ ಹಿಡಿತ ಜಾಸ್ತಿ. ಬಿಸಿಲಿನ ಕೋಣೆಯಲ್ಲಿ ಬೇಗ, ಡಿಸೆಂಬರ್ ಚಳಿಯಲ್ಲಿ ನಿಧಾನ. ಬಿಸಿಲಿಗೆ ವರ್ಷಗಟ್ಟಲೆ ಇಟ್ಟರೆ ಹಳದಿ ತಿರುಗುತ್ತದೆ ಅನ್ನೋದು ಇದರ ದೋಷ. ಬಿಳಿ ಪಿಂಗಾಣಿ ಹೂದಾನಿಗೆ ಅದು ಎದ್ದು ಕಾಣುತ್ತದೆ.

ಕುಕ್ಕರ್ ಹಿಡಿಗೆ ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ಯಾವುದೂ ಬೇಡ. ಹೊಸ ಹಿಡಿ, ಹೊಸ ಸ್ಕ್ರೂ ಹಾಕಿಸಿ. ಊಟ, ಕಾಫಿ ನೇರ ತಾಗುವ ಒಳಮೈಗೂ ಈ ಎರಡೂ ಬೇಡ.

ಇನ್ನೊಂದು ಮಾತು. ಫೆವಿಕಾಲ್, ಫೆವಿಕ್ವಿಕ್, ಎಂ-ಸೀಲ್, 2020ರಿಂದ ಭಾರತದ ಅರಾಲ್ಡೈಟ್, ಎಲ್ಲ ಪಿಡಿಲೈಟ್ ಅನ್ನೋ ಒಂದೇ ಕಂಪನಿಯವು. ಬೇರೆ ಕಂಪನಿಯವೂ ಇದೇ ಜಾತಿಗಳಲ್ಲಿ ಸಿಗುತ್ತವೆ. ಹೆಸರಿಗಿಂತ ಜಾತಿ ನೋಡಿ. ಮನುಷ್ಯರಲ್ಲಿ ಬೇಡ, ಅಂಟಿನಲ್ಲಿ ಮಾತ್ರ.

ಬಾಗುವುದಕ್ಕೆ ಬಾಗುವ ಅಂಟು

ಗೋಡೆಗೆ ಅಂಟಿಸಿದ ಪೋಸ್ಟರನ್ನು ಕೆಳಗೆ ಜಗ್ಗಿದರೆ ಬರುವುದಿಲ್ಲ, ಮೂಲೆ ಎತ್ತಿ ಸುಲಿದರೆ ಸರಾಗವಾಗಿ ಬರುತ್ತದೆ. ಚಪ್ಪಲಿಯ ಅಟ್ಟೆಗೆ ಆಗುವುದು ಇದೇ. ಪ್ರತಿ ಹೆಜ್ಜೆಗೂ ಬಾಗಿ, ಅಂಚಿನಿಂದ ಸುಲಿಯುತ್ತದೆ. ಪೆಡಸು ಅಂಟು ಅಲ್ಲಿ ಎರಡು ದಿನಕ್ಕೆ ಸೀಳುತ್ತದೆ. ರಬ್ಬರಿನ ಅಂಟೇ ಬೇಕು. ಪಂಕ್ಚರ್ ಅಂಗಡಿಯಲ್ಲೂ ಚಪ್ಪಲಿ ಹೊಲಿಯುವವರ ಹತ್ತಿರವೂ ಅದಕ್ಕೆ ಸಲ್ಯೂಷನ್ ಅಂತಲೇ ಹೆಸರು.

ಪಂಕ್ಚರ್ ಹಾಕುವವರನ್ನು ನೋಡಿ ಕಲಿಯಬೇಕು. ಟ್ಯೂಬನ್ನು ಉಜ್ಜುತ್ತಾರೆ, ಸಲ್ಯೂಷನ್ ಸವರುತ್ತಾರೆ, ಒಂದೆರಡು ಸಲ ಊದುತ್ತಾರೆ, ಆಮೇಲೆ ಸುಮ್ಮನೆ ಕೂತು ಮಾತಾಡುತ್ತಾರೆ. ನಮಗೆ ಅದು ಸೋಮಾರಿತನ ಅನ್ನಿಸಬಹುದು. ಅವರು ಅಂಟನ್ನು ನೀರಾಗಿಸಿಟ್ಟಿರುವ ದ್ರಾವಕ ಹಾರಿಹೋಗಲಿ ಅಂತ ಕಾಯುತ್ತಿರುತ್ತಾರೆ. ಚಪ್ಪಲಿಗೂ ಹಾಗೇ. ಎರಡೂ ಮೈಗೆ ಹಚ್ಚಿ, 10ರಿಂದ 15 ನಿಮಿಷ ಬಿಡಿ. ಬೆರಳಿನ ಹಿಂಬದಿ ತಾಗಿಸಿದರೆ ಅಂಟಬಾರದು. ಆಗ ಸೇರಿಸಿ ಸುತ್ತಿಗೆಯಿಂದ ತಟ್ಟಿ. ಇಲ್ಲಿ ಎಷ್ಟು ಹೊತ್ತು ಒತ್ತಿದಿರಿ ಅನ್ನೋದಕ್ಕಿಂತ ಎಷ್ಟು ಜೋರಾಗಿ ಒತ್ತಿದಿರಿ ಅನ್ನೋದು ಮುಖ್ಯ. ಒಮ್ಮೆ ತಾಗಿದರೆ ಜರುಗಿಸಲು ಆಗುವುದಿಲ್ಲ. ಆಮೇಲೆ ಅಂಚಿಗೆ ನಾಲ್ಕು ಹೊಲಿಗೆ ಹಾಕಿಸಿದರೆ ಆ ಚಪ್ಪಲಿ ಇನ್ನೆರಡು ಮಳೆಗಾಲ ನೋಡುತ್ತದೆ. ಇದರ ಆವಿ ಬೇಗ ಬೆಂಕಿ ಹಿಡಿಯುತ್ತದೆ. ಒಲೆ, ಊದುಬತ್ತಿ ಹತ್ತಿರ ಬೇಡ, ಕಿಟಕಿ ತೆರೆದಿರಲಿ.

ಸನ್‌ಮೈಕಾ ಅಂಟಿಸಲು ಬಿಳಿಯದೋ, ರಬ್ಬರಿನದೋ ಅಂತ ಬಡಗಿಗಳಲ್ಲೇ ಎರಡು ಪಕ್ಷ. ಹಲಗೆಯನ್ನು ನೆಲದ ಮೇಲೆ ಮಲಗಿಸಿ ರಾತ್ರಿಯಿಡೀ ಭಾರ ಹೇರಲು ಆಗುವುದಾದರೆ ಬಿಳಿಯದೇ ಒಳ್ಳೆಯದು, ಅಗ್ಗ ಕೂಡ. ಗೋಡೆಗೆ ಆಗಲೇ ಕೂತಿರುವ ಕಪಾಟು, ಬಾಗಿದ ಅಂಚು, ಇವತ್ತೇ ಮುಗಿಯಬೇಕಾದ ಕೆಲಸ ಇದ್ದರೆ ರಬ್ಬರಿನದು.

ನೀರಿರುವ ಕಡೆ

ಎಂ-ಸೀಲ್ ಅಂದರೆ ಕಲಸಿದ ಹಿಟ್ಟಿನ ರೂಪದ ಎಪಾಕ್ಸಿ. ಎರಡು ತುಂಡನ್ನು ಸಮ ತೆಗೆದು, ಬಣ್ಣ ಒಂದೇ ಆಗುವ ತನಕ ಚಪಾತಿ ಹಿಟ್ಟಿನ ಹಾಗೆ ನಾದಬೇಕು. ಕೈಗೆ ಗ್ಲೌಸ್ ಇರಲಿ, ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕಬ್ಬಿಣದ ಪೈಪಿನ ಸೋರಿಕೆ, ಸಿಮೆಂಟ್ ತೊಟ್ಟಿಯ ಬಿರುಕು, ಸಿಂಕಿನ ಜಾಯಿಂಟು ಇದರ ರಾಜ್ಯ. ಹಚ್ಚುವ ಮೊದಲು ನೀರು ನಿಲ್ಲಿಸಿ ಒರೆಸಲೇಬೇಕು. ಕಪ್ಪು ಪ್ಲಾಸ್ಟಿಕ್ ಟ್ಯಾಂಕಿಗೆ ಹಚ್ಚಿದರೆ ಒಂದು ಬೇಸಿಗೆಗೆ ಹಪ್ಪಳದ ಹಾಗೆ ಎದ್ದುಬರುತ್ತದೆ. ತ್ರಿಕೋನದ ಅಂಕಿ ನೆನಪಿದೆ ಅಲ್ವಾ?

ಪ್ಲಾಸ್ಟಿಕ್ ಪೈಪಿಗೆ ಪೈಪು ಕೂಡಿಸುವ ಸಾಲ್ವೆಂಟ್ ಸಿಮೆಂಟ್ ಅಂಟೇ ಅಲ್ಲ, ತಣ್ಣನೆಯ ಬೆಸುಗೆ. ಎರಡೂ ಮೈಯನ್ನು ಕರಗಿಸಿ ಒಂದು ಮಾಡುತ್ತದೆ. ತಣ್ಣೀರಿನ ಯುಪಿವಿಸಿ ಪೈಪಿಗೆ ಬೇರೆ, ಬಿಸಿನೀರಿನ ಸಿಪಿವಿಸಿಗೆ ಬೇರೆ, ಡಬ್ಬ ಓದಿ ತನ್ನಿ. ತೂರಿಸುವಾಗ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಅದುಮಿ ಹಿಡಿಯಿರಿ. ಬಿಟ್ಟರೆ ಪೈಪು ತಾನೇ ಹಿಂದಕ್ಕೆ ಜಾರುತ್ತದೆ.

ಸಿಂಕಿಗೂ ಕಲ್ಲಿಗೂ ನಡುವಿನ ಸಂದಿಗೆ ಬಿಳಿ ಸಿಮೆಂಟ್ ತುಂಬುವುದು ಹಳೇ ಅಭ್ಯಾಸ. ಸ್ಟೀಲು ಬಿಸಿಗೆ ಹಿಗ್ಗುತ್ತದೆ, ಕಲ್ಲು ಅಷ್ಟು ಹಿಗ್ಗುವುದಿಲ್ಲ, ಸಿಮೆಂಟ್ ನಡುವೆ ಬಿರುಕು ಬಿಡುತ್ತದೆ. ಅಲ್ಲಿಗೆ ಸಿಲಿಕೋನ್ ಸರಿ. ಗಾಳಿಯ ತೇವದಿಂದ ಗಟ್ಟಿಯಾಗಿ ರಬ್ಬರಾಗಿಯೇ ಉಳಿಯುತ್ತದೆ. ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳ ಅಷ್ಟೇ, ಅವಸರ ಬೇಡ. ವಿನೆಗರ್ ವಾಸನೆ ಬರುವ ಅಗ್ಗದ್ದು ಗಾಜಿಗೆ ಚೆನ್ನ. ಅಮೃತಶಿಲೆ, ಕಡಪ ಕಲ್ಲು, ಕನ್ನಡಿಯ ಬೆನ್ನಿಗೆ ಆ ಆಮ್ಲ ಆಗುವುದಿಲ್ಲ, ನ್ಯೂಟ್ರಲ್ ಅಂತ ಬರೆದದ್ದು ಕೇಳಿ. ಹಳೇ ಸಿಲಿಕೋನ್ ಮೇಲೆ ಹೊಸದು ಹಿಡಿಯುವುದಿಲ್ಲ, ಬ್ಲೇಡಿನಿಂದ ಪೂರ್ತಿ ತೆಗೆದೇ ಹಾಕಬೇಕು. ಮೇಲೆ ಬಣ್ಣವೂ ನಿಲ್ಲುವುದಿಲ್ಲ.

ಟೈಲ್ಸ್ ವಿಷಯವೂ ನೀರು ಹೀರುವುದಕ್ಕೇ ಬಂದು ನಿಲ್ಲುತ್ತದೆ. ವಿಟ್ರಿಫೈಡ್ ಟೈಲ್ ಅರ್ಧ ಪರ್ಸೆಂಟ್ ನೀರನ್ನೂ ಹೀರುವುದಿಲ್ಲ. ಬರೀ ಸಿಮೆಂಟ್ ಹಾಲಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಕೆಲವು ವರ್ಷಕ್ಕೆ ಟೊಳ್ಳು ಸದ್ದು ಬರುತ್ತದೆ. ಅದಕ್ಕೆ ಟೈಲ್ ಅಂಟಿನ ಪುಡಿಯೇ ಬೇಕು.

ಕಾಗದಕ್ಕೆ

ಮಕ್ಕಳ ಪ್ರಾಜೆಕ್ಟಿಗೆ ಗ್ಲೂ ಸ್ಟಿಕ್ ಸಾಕು, ಕಾಗದ ಸುಕ್ಕಾಗುವುದಿಲ್ಲ. ಪುಸ್ತಕದ ಬೆನ್ನಿಗೆ ಬಿಳಿ ಅಂಟು. ಆದರೆ ತಾತನ ಕಾಗದ, ಹಳೇ ಪಂಚಾಂಗ, ಜಮೀನಿನ ಪತ್ರ ಹರಿದಿದ್ದರೆ ಬಿಳಿ ಅಂಟೂ ಬೇಡ, ಸೆಲ್ಲೋ ಟೇಪ್ ಅಂತೂ ಬೇಡವೇ ಬೇಡ. ಟೇಪು ಹಳದಿಯಾಗಿ, ಅದರ ಅಂಟು ಕಾಗದದೊಳಗೆ ಇಳಿದು ಕಲೆ ಉಳಿಯುತ್ತದೆ. ಮೈದಾ ಬೇಯಿಸಿದ ತೆಳು ಅಂಟು, ಒಂದು ತೆಳು ಕಾಗದದ ಪಟ್ಟಿ ಸಾಕು. ಮುಂದೆ ಯಾರಾದರೂ ತೆಗೆಯಬೇಕೆಂದರೆ ನೀರು ತಾಗಿಸಿ ತೆಗೆಯಬಹುದು. ಬೈಂಡಿಂಗ್ ಮಾಡುವವರು ಹುಳ ಬರದಿರಲಿ ಅಂತ ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಕೈಗೆ ಸಿಗಬಾರದು.

ಅಲಂಕಾರದ ಕೆಲಸಕ್ಕೆ ಬಳಸುವ ಗ್ಲೂ ಗನ್ ಹೊಸದೇನಲ್ಲ, ಅರಗಿನ ವಂಶದ್ದೇ. ಬಿಸಿಗೆ ಕರಗಿ, ತಣ್ಣಗಾದಾಗ ಹಿಡಿಯುವುದು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯನ್ನು ಅದರಲ್ಲಿ ಕೂರಿಸಿದರೆ ಸಂಜೆಗೆ ಗಣಪತಿ ಕಾಲಡಿಯಲ್ಲಿ.

ಬೆರಳು ಅಂಟಿದರೆ, ಮತ್ತೆ ಟ್ಯೂಬ್ ಇಡುವ ಜಾಗ

ಕ್ಷಣದ ಅಂಟಿಗೆ ಬೆರಳು ಸಿಕ್ಕಿದರೆ ಎಳೆಯಬೇಡಿ, ಚರ್ಮ ಕಿತ್ತುಬರುತ್ತದೆ. ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ, ಪೆನ್ಸಿಲ್ ಉರುಳಿಸಿದ ಹಾಗೆ ಬೆರಳನ್ನು ಉರುಳಿಸುತ್ತಾ ಬಿಡಿಸಿ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಕೂಡ ಕರಗಿಸುತ್ತದೆ, ಆದರೆ ಕಣ್ಣು, ತುಟಿ ಹತ್ತಿರ ಬೇಡ. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬೇಡಿ. ಹತ್ತಿಯ ಜೊತೆ ಸೇರಿದರೆ ಅದು ಸುಡುವಷ್ಟು ಕಾಯುತ್ತದೆ, ಹೊಗೆಯೂ ಏಳಬಹುದು. ಹತ್ತಿ ಬಟ್ಟೆ ತೊಟ್ಟ ತೊಡೆಯ ಮೇಲೆ ಹನಿ ಬಿದ್ದರೂ ಅಷ್ಟೇ.

ಕ್ಷಣದ ಅಂಟಿನ ತೆರೆದ ಟ್ಯೂಬನ್ನು ಗಾಳಿಯಾಡದ ಡಬ್ಬದಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಪೊಟ್ಟಣದ ಜೊತೆ ಇಡಿ. ತೆರೆಯದ್ದನ್ನು ಫ್ರಿಜ್ಜಿನಲ್ಲಿ ಇಡಬಹುದು, ತೆಗೆದ ಮೇಲೆ ತಣುಪು ಹೋಗುವ ತನಕ ಮುಚ್ಚಳ ತೆಗೆಯಬಾರದು. ನಮ್ಮ ಮನೆಯಲ್ಲಿ ಫ್ರಿಜ್ಜಿಗೆ ಅಮ್ಮ ಒಪ್ಪಲಿಲ್ಲ. ಅಲ್ಲಿ ಅವರ ಕಣ್ಣಿನ ಡ್ರಾಪ್ಸ್ ಇರುತ್ತದೆ, ಎರಡೂ ಕೈಗೆ ಒಂದೇ ಥರ. ಅವರ ಮಾತು ಸರಿ. ಡ್ರಾಪ್ಸ್ ಅಂತ ತಿಳಿದು ಈ ಅಂಟನ್ನು ಕಣ್ಣಿಗೆ ಹಾಕಿಕೊಂಡವರು ನಿಜಕ್ಕೂ ಇದ್ದಾರೆ. ಹಾಗಾದರೆ ರೆಪ್ಪೆ ಬಿಡಿಸಲು ಹೋಗದೆ, ಉಗುರು ಬೆಚ್ಚಗಿನ ನೀರಲ್ಲಿ ತೊಳೆಯುತ್ತಾ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಈಗ ನಮ್ಮ ಅಂಟುಗಳೆಲ್ಲ ಅಟ್ಟದ ಮೇಲೆ, ಗೊಂಬೆ ಟ್ರಂಕಿನ ಪಕ್ಕದ ಬಿಸ್ಕತ್ ಡಬ್ಬದಲ್ಲಿವೆ.